ಹಿಂದಿನ ಸೀಟಿನ ಮಾತು

ಬ್ಯಾಂಕಿನವರ ಮನೆಯಲ್ಲಿ ಒಂದು ಸಾಮಾನು ಕೊಳ್ಳುವುದೆಂದರೆ ಸಾಲ ಮಂಜೂರು ಮಾಡಿದಷ್ಟೇ ತಾಪತ್ರಯ. ಮೂರು ಕೊಟೇಶನ್ ಬೇಕು, ಹೋಲಿಸಿ ನೋಡಲು ಒಂದು ತಖ್ತೆ ಬೇಕು, ಕೊನೆಗೆ ಷರಾ ಬರೆಯಬೇಕು. ಹೋದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಬೈಕಿನ ಮೇಲೆ ಹೋಗೋಣ ಅಂತ ನಾನೂ ನನ್ನ ಹೆಂಡತಿಯೂ ಮನಸ್ಸು ಮಾಡಿದಾಗ ಮಗ ಒಂದೇ ಷರತ್ತು ಹಾಕಿದ. "ಅಪ್ಪಾ, ಇಬ್ರೂ ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಹಾಕ್ಕೊಂಡು ಹೋಗ್ರಿ. ಅವ್ವ ಏನೋ ಹೇಳೋದು, ನೀವು ಕುತ್ತಿಗಿ ಹೊಳ್ಳಿಸಿ ಏನು ಏನು ಅನ್ನೋದು, ಹೈವೇದಾಗ ಇದೆಲ್ಲಾ ಬ್ಯಾಡ."

ಸರಿ, ತಖ್ತೆ ಶುರುವಾಯಿತು. ಬ್ಲೂಟೂತ್, ಮೆಶ್, ಬೂಮ್ ಮೈಕು, ಬಟನ್ ಮೈಕು... ಅರ್ಥವಾಗದ ಶಬ್ದ ಬಂದಾಗ ಅದರ ಮೂಲ ಹುಡುಕುವುದು ನನ್ನ ಹಳೇ ಚಟ. ಹುಡುಕುತ್ತಾ ಹೋದರೆ ಇದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಸಿಕ್ಕಿತು. ಜೊತೆಗೆ ನನ್ನದೇ ಒಂದು ಹಳೇ ಬಾಕಿಯೂ ನೆನಪಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಥೆ ಮೋಟರ್ ಸೈಕಲ್ಲಿನಿಂದಲ್ಲ, ವಿಮಾನದಿಂದ ಶುರುವಾಗುತ್ತದೆ. ಮೊದಲನೇ ಮಹಾಯುದ್ಧದ ಕಾಲ. ವಿಮಾನಕ್ಕೆ ಮೇಲೆ ಮುಚ್ಚಿಗೆ ಇಲ್ಲ. ಕಲಿಸುವವನು ಒಂದು ಗುಂಡಿಯಲ್ಲಿ, ಕಲಿಯುವವನು ಇನ್ನೊಂದರಲ್ಲಿ. ಗಾಳಿ ಮತ್ತು ಇಂಜಿನ್ನಿನ ಗದ್ದಲದಲ್ಲಿ ಗುರುವಿನ ಮಾತು ಶಿಷ್ಯನಿಗೆ ಮುಟ್ಟುವುದೇ ಕಷ್ಟ. ೧೯೧೭ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಎಂಬಲ್ಲಿ ಮೇಜರ್ ರಾಬರ್ಟ್ ಸ್ಮಿತ್-ಬ್ಯಾರಿ ಎಂಬಾತ ವಿಮಾನ ಕಲಿಸುವ ಹೊಸ ಪದ್ಧತಿಯನ್ನು ರೂಢಿಗೆ ತಂದ. ಅದರ ಭಾಗವಾಗಿ ಬಂದದ್ದು ಒಂದು ರಬ್ಬರ್ ಕೊಳವೆ. ಒಂದು ತುದಿಯಲ್ಲಿ ಬಾಯಿಗೆ ಹಿಡಿಯುವ ಆಲಿಕೆ, ಇನ್ನೊಂದು ತುದಿ ಶಿಷ್ಯನ ಟೋಪಿಯ ಕಿವಿಗೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಧ್ವನಿ ಗಾಳಿಯಲ್ಲಿ ಚದುರಿಹೋಗದೆ ಕೊಳವೆಯೊಳಗೇ ಸಾಗಿ ಕಿವಿ ಮುಟ್ಟುತ್ತಿತ್ತು, ಅಷ್ಟೇ. ಇದಕ್ಕೆ ಆ ಊರಿನ ಹೆಸರೇ ನಿಂತಿತು: ಗಾಸ್‌ಪೋರ್ಟ್ ಟ್ಯೂಬ್.

ಎರಡನೇ ಮಹಾಯುದ್ಧದ ಹೊತ್ತಿಗೂ ತರಬೇತಿ ವಿಮಾನಗಳಲ್ಲಿ ಇದೇ ಕೊಳವೆ ಇತ್ತು. ಅಮೆರಿಕದ ತರಬೇತಿ ವಿಮಾನಗಳಲ್ಲಂತೂ ಅದು ಒಮ್ಮುಖ. ಗುರು ಬೈಯಬಹುದು, ಶಿಷ್ಯ ತಿರುಗಿ ಮಾತಾಡುವ ಹಾಗಿಲ್ಲ, ತಲೆಯಾಡಿಸಬೇಕು ಅಷ್ಟೇ. ಎಷ್ಟೋ ಮನೆಗಳಲ್ಲಿ ಇಂದಿಗೂ ಇಂಥ ಕೊಳವೆಯೇ ನಡೆಯುತ್ತಿದೆ ಬಿಡಿ. ಯಾವ ತುದಿಯಲ್ಲಿ ಯಾರು ಅನ್ನುವುದು ಮಾತ್ರ ಮನೆಮನೆಗೆ ಬೇರೆ.

ಇನ್ನು ಹೆಲ್ಮೆಟ್ಟು. ಅರಬ್ಬರ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡಿದ "ಲಾರೆನ್ಸ್ ಆಫ್ ಅರೇಬಿಯಾ" ನಿಮಗೆ ಗೊತ್ತಿರಬಹುದು. ೧೯೩೫ರ ಮೇ ೧೩ರಂದು ಆತ ತನ್ನ ಬ್ರಫ್ ಸುಪೀರಿಯರ್ ಮೋಟರ್ ಸೈಕಲ್ಲಿನಲ್ಲಿ ಬರುವಾಗ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಹೋದ. ಆಗ ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಸರ್ಜನ್ ಒಬ್ಬ. ಆತ ಆ ಸಾವನ್ನು ಮರೆಯಲಿಲ್ಲ. ಯುದ್ಧ ಶುರುವಾದ ಮೇಲೆ ಸೈನ್ಯದಲ್ಲಿ ಸುದ್ದಿ ಒಯ್ಯುವ ಮೋಟರ್ ಸೈಕಲ್ ಸವಾರರು ಕತ್ತಲಲ್ಲಿ ದೀಪವಿಲ್ಲದೆ ಓಡಾಡಿ ಸಾಯುತ್ತಿದ್ದುದನ್ನು ಲೆಕ್ಕ ಹಾಕಿದ. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಅವನಿಗೆ ಸಿಕ್ಕಿದ್ದೇ ಏಳು ಮಂದಿ. ಏಳೂ ಮಂದಿ ಬದುಕಿದ್ದರು. ಇದನ್ನು ೧೯೪೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಬ್ರಿಟನ್ನಿನ ಸಾಮಾನ್ಯ ಜನಕ್ಕೆ ಕಡ್ಡಾಯವಾಗಲು ೧೯೭೩ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ೧೯೮೮ರ ಮೋಟಾರು ವಾಹನ ಕಾಯ್ದೆಯ ೧೨೯ನೇ ಕಲಮಿನಲ್ಲಿ ಓಡಿಸುವವನಿಗೆ ಮಾತ್ರವಲ್ಲ, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು ಅಂತ ಇದೆ. ಆದರೆ ನಾನಿರುವ ಪುಣೆಯಲ್ಲಿ ಕಾಯ್ದೆಗಿಂತ ಪೇಟೆಯ ವಾದ ದೊಡ್ಡದು. ೨೦೧೯ರ ಜನವರಿಯಲ್ಲಿ ಪೊಲೀಸರು ಬಿಗಿ ಮಾಡಿದಾಗ ಹೆಲ್ಮೆಟ್ ವಿರುದ್ಧ ಮೆರವಣಿಗೆಯೇ ನಡೆಯಿತು! ಕಿವಿ ಕೇಳುವುದಿಲ್ಲ, ಕುತ್ತಿಗೆ ನೋಯುತ್ತದೆ ಅನ್ನುವುದು ಹೆಲ್ಮೆಟ್ ಬೇಡ ಅನ್ನುವವರು ಯಾವಾಗಲೂ ಹೇಳುವ ಮಾತು. ಕಿವಿಯ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅಪರಾಧಿ ಬೇರೆ. ವೇಗ ಹೆಚ್ಚಿದಂತೆ ಇಂಜಿನ್ನಿಗಿಂತ ಗಾಳಿಯ ಸದ್ದೇ ಜಾಸ್ತಿಯಾಗುತ್ತದೆ. ಹೈವೇ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಅದು ನೂರು ಡೆಸಿಬಲ್ಲಿನ ಆಸುಪಾಸು ಮುಟ್ಟಬಹುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ೮೫ ಡೆಸಿಬಲ್ ಆದರೆ ದಿನಕ್ಕೆ ೮ ಗಂಟೆ ತಡೆದುಕೊಳ್ಳಬಹುದು, ಅಲ್ಲಿಂದ ಪ್ರತಿ ೩ ಡೆಸಿಬಲ್ ಏರಿದರೆ ಅವಧಿ ಅರ್ಧ. ಚಕ್ರಬಡ್ಡಿಯ ಹಾಗೆ ಹಾಕಿ ನೋಡಿ, ೧೦೦ಕ್ಕೆ ಬಂದಾಗ ಉಳಿಯುವುದು ೧೫ ನಿಮಿಷ! ಈ ಸದ್ದಿನ ನಡುವೆ ಹಿಂದಿನ ಸೀಟಿನ ಮಾತು ಎಲ್ಲಿ ಕೇಳಬೇಕು?

ಹೊರದೇಶಗಳಲ್ಲಿ ಇದಕ್ಕೆ ವೈರಿನ ಪರಿಹಾರ ಬಂತು. ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಬೈಕುಗಳ ಸವಾರರು ಎರಡೂ ಹೆಲ್ಮೆಟ್ಟಿನಲ್ಲಿ ಸ್ಪೀಕರು, ಮೈಕು ಕೂರಿಸಿ ವೈರು ಎಳೆದು ಬೈಕಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇಳಿಯುವಾಗ ವೈರು ಬಿಚ್ಚಲು ಮರೆತರೆ ತಲೆ ಅಲ್ಲೇ ಉಳಿಯಿತು ಅಂತ ಲೆಕ್ಕ. ವೈರ್‌ಲೆಸ್ ಬೇಕೆಂದರೆ ನಮ್ಮ ದೇಶದಲ್ಲಿ ೧೯೩೩ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಅಡ್ಡ ಇತ್ತು. ಲೈಸೆನ್ಸ್ ಇಲ್ಲದೆ ವಾಕಿ-ಟಾಕಿ ಇಟ್ಟುಕೊಂಡರೂ ಅಪರಾಧ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಸ್ಟಾಂಪು ಹಾಕಿಸಿಕೊಂಡು ಬರುತ್ತಿದ್ದ ಅಪ್ಪ ನನಗಿನ್ನೂ ನೆನಪಿದ್ದಾರೆ.

ಬಾಗಿಲು ತೆರೆದದ್ದು ಬ್ಲೂಟೂತ್. ೧೯೯೪ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್‌ಸನ್ ಎಂಬ ಡಚ್ ಇಂಜಿನಿಯರ್ ಇದರ ಕೆಲಸ ಶುರು ಮಾಡಿದ. ೧೯೯೭ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಹೆಸರು ಸೂಚಿಸಿದ. ಡೇನರನ್ನು ಒಂದುಗೂಡಿಸಿದ ಹತ್ತನೇ ಶತಮಾನದ ರಾಜ ಹರಾಲ್ಡನ ಅಡ್ಡಹೆಸರು ಅದು, "ನೀಲಿ ಹಲ್ಲು". ಫೋನು-ಕಂಪ್ಯೂಟರುಗಳನ್ನು ಒಂದುಗೂಡಿಸುವ ವಿದ್ಯೆಗೆ ಸರಿಹೋಯಿತು. ಆ ಚಿಹ್ನೆ ಇದೆಯಲ್ಲ, ಅದು ರಾಜನ ಹೆಸರಿನ ಎರಡು ಹಳೇ ರೂನ್ ಅಕ್ಷರಗಳ ಒತ್ತಕ್ಷರ ಅಂತ ತಿಳಿಯಿರಿ.

ಇದರ ಗುಟ್ಟು ಜಿಗಿತದಲ್ಲಿದೆ. ಒಂದೇ ತರಂಗದಲ್ಲಿ ನಿಲ್ಲದೆ, ಮೂಲ ಬ್ಲೂಟೂತ್ ೭೯ ಚಾನೆಲ್ಲುಗಳ ನಡುವೆ ಸೆಕೆಂಡಿಗೆ ೧,೬೦೦ ಸಲ ಜಿಗಿಯುತ್ತದೆ. ಒಂದು ಕಡೆ ಗದ್ದಲವಿದ್ದರೆ ಇನ್ನೊಂದು ಕಡೆ ಮಾತು ದಾಟುತ್ತದೆ. ಇಂಥದೇ ಜಿಗಿತದ ಒಂದು ಉಪಾಯಕ್ಕೆ ೧೯೪೨ರಲ್ಲಿ ಪೇಟೆಂಟ್ ಪಡೆದವರು ಯಾರು ಗೊತ್ತೇ? ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಟಾರ್ಪೆಡೋ ನಡೆಸುವ ರೇಡಿಯೋ ಸಂಕೇತವನ್ನು ಶತ್ರು ಕೆಡಿಸಬಾರದು ಅಂತ ಪಿಯಾನೋದ ಮನೆಗಳಷ್ಟೇ, ೮೮ ತರಂಗಗಳ ನಡುವೆ ಜಿಗಿಸುವ ಯೋಜನೆ. ನೌಕಾಪಡೆ ಆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ಬ್ಲೂಟೂತ್ ಕಂಡುಹಿಡಿದದ್ದೇ ಆಕೆ ಎಂದು ಕೆಲವರು ಬರೆಯುತ್ತಾರೆ, ಅದು ಅತಿಯಾಯಿತು. ಜಿಗಿತದ ಆಲೋಚನೆ ಬೇರೆಯವರಲ್ಲೂ ಇತ್ತು. ಆದರೆ ಚೆಲುವೆಯ ತಲೆಯಲ್ಲಿ ಏನಿದೆ ಎಂದು ಆ ಕಾಲದವರು ಕೇಳಿಸಿಕೊಳ್ಳಲಿಲ್ಲ ಅನ್ನುವುದು ಮಾತ್ರ ಸುಳ್ಳಲ್ಲ.

ಬ್ಲೂಟೂತ್ ಓಡಾಡುವುದು ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ, ನಮ್ಮ ಮೈಕ್ರೋವೇವ್ ಒಲೆಯೂ ಅಲ್ಲೇ. ಅಮೆರಿಕ ೧೯೮೫ರಲ್ಲೇ ಇಂಥ ಪಟ್ಟಿಗಳನ್ನು ಲೈಸೆನ್ಸಿಲ್ಲದ ಹೊಸ ರೇಡಿಯೋಗಳಿಗೆ ಬಿಟ್ಟುಕೊಟ್ಟಿತ್ತು. ಭಾರತ ಈ ಪಟ್ಟಿಯನ್ನು ಮನೆಯೊಳಗೂ ಹೊರಗೂ ಲೈಸೆನ್ಸ್ ಮುಕ್ತ ಮಾಡಿದ್ದು ೨೦೦೫ರ ಜನವರಿಯಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ೨೦೦೪ರಲ್ಲಿ, ಇಸ್ರೇಲಿನ ಕಾರ್ಡೋ ಕಂಪನಿ ಹೆಲ್ಮೆಟ್ಟಿಗೆಂದೇ ಬ್ಲೂಟೂತ್ ಸೆಟ್ ತಂದಿತ್ತು. ಕೊರಿಯಾದ ಸೇನಾ ಆಮೇಲೆ ಬಂತು. ೨೦೧೫ರಲ್ಲಿ ಕಾರ್ಡೋ "ಮೆಶ್" ತಂದಿತು. ಬ್ಲೂಟೂತಿನಲ್ಲಿ ಗುಂಪು ಮಾತಾಡಬೇಕೆಂದರೆ ಒಬ್ಬರ ಕೈ ಇನ್ನೊಬ್ಬರು ಹಿಡಿದ ಸರಪಳಿ ಇದ್ದ ಹಾಗೆ, ನಡುವಿನವನು ದೂರವಾದರೆ ಮಾತು ಕಡಿಯಿತು. ಮೆಶ್ ಬಲೆಯ ಹಾಗೆ, ಒಂದು ದಾರ ಹರಿದರೆ ಮಾತು ಇನ್ನೊಂದು ದಾರ ಹಿಡಿಯುತ್ತದೆ.

ಇಷ್ಟು ತಿಳಿದ ಮೇಲೆ ನನ್ನ ತಖ್ತೆ ಸುಲಭವಾಯಿತು. ಹತ್ತು ಬೈಕಿನ ಗುಂಪಿಗೆ ಮೆಶ್ ಬೇಕು. ಒಂದೇ ಬೈಕಿನ ಗಂಡಹೆಂಡತಿಗೆ ನಡುವಿನ ದೂರ ಒಂದು ಮೊಳ, ಸಾದಾ ಬ್ಲೂಟೂತ್ ಜೋಡಿ ಸಾಕು. ಡಬ್ಬಿಯ ಮೇಲೆ ಬರೆದ ಕಿಲೋಮೀಟರು ನೋಡಿ ದುಡ್ಡು ಕೊಡಬೇಡಿ. ನೋಡಬೇಕಾದ್ದು ಬೇರೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿಗೆ ಗದ್ದದ ಒಳಗೆ ಅಂಟಿಸುವ ಬಟನ್ ಮೈಕು, ಮುಖ ತೆರೆದಿದ್ದರೆ ಕಡ್ಡಿಯ ಮೈಕು. ಸ್ಪೀಕರು ಕಿವಿಯ ತೂತಿಗೆ ಸರಿಯಾಗಿ ಎದುರು ಬರಬೇಕು. ಅರ್ಧ ಇಂಚು ಸರಿದರೂ "ದನಿ ಬರೂದಿಲ್ಲ" ಅಂತ ದೂರು ಬರುತ್ತದೆ. ಕಿವಿಗೆ ಜಾಗ ಕಡಿಮೆ ಇದ್ದರೆ ಒಂದು ತಾಸಿಗೆ ನೋವು ಶುರು. ಮೈಲಿಗಟ್ಟಲೆ ಹೋಗುವವರು ಕಿವಿಗೆ ಬಿರಡೆ ಹಾಕಿಕೊಂಡರೆ ಗಾಳಿಯ ಸದ್ದು ಇಳಿದು ಸ್ಪೀಕರಿನ ಮಾತು ಇನ್ನೂ ಸ್ಪಷ್ಟ. ಕೈಗವಸು ಹಾಕಿದ ಕೈಗೆ ಗುಂಡಿ ಸಿಗಬೇಕು. ನೀರು ತಡೆಯಬೇಕು, ಸಹ್ಯಾದ್ರಿಯ ಮಳೆ ಕೇಳಿ ಬರುವುದಿಲ್ಲ. ಮುಖ್ಯವಾಗಿ, ಇಂಟರ್‌ಕಾಮ್ ಕೂರಿಸಲು ಹೆಲ್ಮೆಟ್ಟಿಗೆ ತೂತು ಕೊರೆಯಬೇಡಿ, ಒಳಗಿನ ಥರ್ಮೋಕೋಲ್ ಕೆತ್ತಬೇಡಿ. ೨೦೨೧ರ ಜೂನ್ ೧ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಗುರುತಿರುವುದನ್ನು ಕೆತ್ತಿ ಕೆಡಿಸಿದರೆ ಗುರುತು ಇದ್ದೂ ಪ್ರಯೋಜನವಿಲ್ಲ. ಮತ್ತೆ, ಫೋನ್ ಕರೆ ಬಂದರೆ ಬೈಕು ನಿಲ್ಲಿಸಿಯೇ ಮಾತಾಡಿ.

ಈಗ ಹಳೇ ಬಾಕಿ.

೧೯೯೯. ಮದುವೆಯಾಗಿ ಎರಡು ವರ್ಷ, ಪುಣೆಗೆ ಬಂದು ಮೂರು. ನನ್ನ ಹತ್ತಿರ ಮಾವನವರು ಕೊಟ್ಟ ಹಳೇ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲೇ ಮುಚ್ಚಿತ್ತು, ಆದರೆ ಅದರ ಜೋಡಿ ಸೈಲೆನ್ಸರಿನ ಸದ್ದು ಮುಚ್ಚಿರಲಿಲ್ಲ. ದಸರೆಗೆ ಊರಿಗೆ ಹೊರಟಿದ್ದೆವು. ಖಂಬಾಟಕಿ ಘಾಟ್ ಏರುವಾಗ ಮುಂದೆ ಎರಡು ಲಾರಿ. ಹಿಂದಿನಿಂದ ಇವಳು ಏನೋ ಕೇಳಿದಳು. ನನಗೆ ಕೇಳಿಸಿದ್ದು "...ಹೋಗೂಣೇನ್ರಿ?" ಅಷ್ಟೇ. ಚಹಾಕ್ಕೆ ನಿಲ್ಲಿಸಿ ಹೋಗೋಣವೇ ಅಂದಳು ಅಂದುಕೊಂಡೆ. ಕತ್ತಲಾಗುವುದರೊಳಗೆ ಕೊಲ್ಲಾಪುರ ದಾಟಬೇಕಿತ್ತು. ತಿರುಗಿ ನೋಡದೆ ಕೂಗಿದೆ: "ಈಗ ಬ್ಯಾಡ, ಮುಂದ ನೋಡೂಣು!"

ಊರಿಂದ ವಾಪಸು ಬರುವಾಗ ಇವಳು ಹೇಳಿದಳು, "ಸಾಲಿಯವ್ರು ಟೀಚರ್ ಕೆಲಸಕ್ಕ ಕರದಿದ್ರು, ಒಲ್ಲೆ ಅಂದೆ." ನಾನು "ಛಲೋ ಆತು ಬಿಡು" ಅಂದೆ.

೨೦೧೪ರಲ್ಲಿ ಒಂದು ಮದುವೆಮನೆಯಲ್ಲಿ ನಾದಿನಿ ಬಾಯಿಬಿಟ್ಟಾಗಲೇ ನನಗೆ ಗೊತ್ತಾಗಿದ್ದು. ಅವತ್ತು ಘಾಟಿನಲ್ಲಿ ಇವಳು ಕೇಳಿದ್ದು ಹೀಗೆ: "ಧಾರವಾಡದಾಗ ನನಗ ಕಾಯಂ ಕೆಲಸ ಸಿಗತೈತಿ, ನೀವು ಹುಬ್ಬಳ್ಳಿಗೆ ಬದಲಿ ಕೇಳ್ರಿ, ಊರಿಗೇ ಹೋಗೂಣೇನ್ರಿ?" ಮನೆಯಲ್ಲಿ ಎದುರಿಗೆ ಕೇಳಲು ಧೈರ್ಯ ಸಾಲದೆ, ಬೆನ್ನ ಹಿಂದೆ ಕೂತಾಗ ಕೇಳಿದ್ದಳಂತೆ. ಉತ್ತರವೂ ಸಿಕ್ಕಿತ್ತಲ್ಲ. ಜನ ನನ್ನನ್ನು ಪುಣೆಯಲ್ಲೇ ಯಾಕೆ ನಿಂತಿರಿ ಅಂತ ಕೇಳಿದಾಗ ಬಡ್ತಿ, ಮಗನ ಓದು, ಫ್ಲ್ಯಾಟಿನ ಸಾಲ ಅಂತೆಲ್ಲಾ ಹೇಳುತ್ತಾ ಬಂದಿದ್ದೆ.

ಅದರ ಬಗ್ಗೆ ನಾವಿಬ್ಬರೂ ಮಾತಾಡಿರಲಿಲ್ಲ. ಈ ದೀಪಾವಳಿಗೆ ಅದೇ ಘಾಟ್ ಏರುವಾಗ ಕಿವಿಯಲ್ಲಿ ಅವಳ ಉಸಿರಾಟವೂ ಕೇಳುತ್ತಿತ್ತು. ಲಾರಿಗಳು ಮೊದಲಿಗಿಂತ ಹೆಚ್ಚು. ನಾನೇ ಕೇಳಿದೆ. "ಅವತ್ತು ನೀ ಕೇಳಿದ್ದು ನನಗ ಖರೇನ ಕೇಳಿಸಿರಲಿಲ್ಲ."

ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ ಅವಳು ಮೆಲ್ಲಗೇ ಅಂದಳು, "ಗೊತ್ತೈತ್ರಿ. ಕೇಳಿಸಿದ್ರ ಹೂಂ ಅಂತಿದ್ರೇನು?"

ಈ ಸಲ ಪ್ರತಿ ಅಕ್ಷರ ಕೇಳಿಸಿತ್ತು, ಕೇಳಿಸಲಿಲ್ಲ ಅನ್ನುವ ಹಾಗಿರಲಿಲ್ಲ. ಸುಳ್ಳು ಹೂಂ ಹೇಳಲು ಮನಸ್ಸಾಗಲಿಲ್ಲ. ಆಗ ಬಡ್ತಿಯ ಪರೀಕ್ಷೆ ಹತ್ತಿರ ಇತ್ತು, ನಾನೇನು ಹೇಳುತ್ತಿದ್ದೆ ಅನ್ನುವುದು ನನಗೇ ಗೊತ್ತಿಲ್ಲ. ಹಾಗೇ ಹೇಳಿದೆ. "ಅಷ್ಟು ಹೇಳಿದ್ರಲ್ಲ, ಸಾಕು" ಅಂದಳು. ಘಾಟ್ ಮುಗಿದ ಮೇಲೆ, ಅವಳು ಕೇಳುವ ಮೊದಲೇ, ಚಹಾಕ್ಕೆ ನಿಲ್ಲಿಸಿದೆ.