ಏಡ್ಸ್ ಕಾವ್ಯ: ರೋಗಿಯೇ ಬರೆದ ಶೋಕಗೀತೆ

1981ರ ಜೂನ್ 5ರಂದು ಅಮೆರಿಕದ ಸರಕಾರಿ ಆರೋಗ್ಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ತಗುಲಿದ ಅಪರೂಪದ ನ್ಯುಮೋನಿಯಾದ ವರದಿ ಬಂತು. ರೋಗಕ್ಕೆ ಆಗಿನ್ನೂ ಹೆಸರಿರಲಿಲ್ಲ. ಹೆಸರು ಬಂದ ಮೇಲೂ ಎಷ್ಟೋ ಕುಟುಂಬಗಳು ಸಾವಿನ ಕಾರಣ ಮುಚ್ಚಿಟ್ಟವು. ವರ್ಷಗಟ್ಟಲೆ ಆರೈಕೆ ಮಾಡಿದ ಸಂಗಾತಿಗೆ ಸಾವಿನ ಮನೆಯಲ್ಲಿ ಜಾಗವಿರಲಿಲ್ಲ. ಏಡ್ಸ್ ಕಾವ್ಯ ಹುಟ್ಟಿದ್ದು ಈ ಅವಮಾನದಲ್ಲಿ.

ಪಾಲ್ ಮೊನೆಟ್ ಸಂಗಾತಿ ರೋಜರ್ ಹಾರ್ವಿಟ್ಜ್‌ರನ್ನು ಕಳೆದುಕೊಂಡದ್ದು 1986ರಲ್ಲಿ. ಎರಡು ವರ್ಷಕ್ಕೆ 'ಲವ್ ಅಲೋನ್' ಬಂತು: ಹದಿನೆಂಟು ಶೋಕಗೀತೆ. ವಿರಾಮಚಿಹ್ನೆಗಳಿಲ್ಲ, ಬಿಕ್ಕುವವನ ಉಸಿರಿನಂತೆ ಸಾಲು ಸಾಲಿನ ಮೇಲೆ ಬೀಳುತ್ತದೆ. ಪುಸ್ತಕವನ್ನು ಕಾವ್ಯದ ಕಪಾಟಿಗಿಂತ ಏಡ್ಸ್ ಕಪಾಟಿನಲ್ಲಿಟ್ಟರೇ ತನಗೆ ಸಂತೋಷ ಎಂದು ಮುನ್ನುಡಿಯಲ್ಲೇ ಹೇಳಿಕೊಂಡರು.

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನೆಲೆಸಿದ್ದ ಇಂಗ್ಲಿಷ್ ಕವಿ ಥಾಮ್ ಗನ್ ಹಿಡಿದದ್ದು ಬೇರೆ ದಾರಿ. ಗೆಳೆಯರು ಒಬ್ಬರ ಹಿಂದೊಬ್ಬರು ಹೋಗುತ್ತಿರುವಾಗ ಅವರು ಪ್ರಾಸ, ಛಂದಸ್ಸುಗಳ ಕಟ್ಟು ಬಿಡಲಿಲ್ಲ. 1992ರ 'ದಿ ಮ್ಯಾನ್ ವಿತ್ ನೈಟ್ ಸ್ವೆಟ್ಸ್' ಸಂಕಲನದ ಶೀರ್ಷಿಕೆ ಕವಿತೆಯಲ್ಲಿ ಒಬ್ಬಾತ ನಡುರಾತ್ರಿ ಬೆವತು, ಚಳಿ ಹತ್ತಿ ಎಚ್ಚರಗೊಳ್ಳುತ್ತಾನೆ. ಹಾಸಿಗೆ ಒದ್ದೆ. ಕಾಯಿಲೆಯ ಲಕ್ಷಣವೊಂದನ್ನು ಬಿಟ್ಟರೆ ಅಲ್ಲಿ ಬೇರೇನೂ ನಡೆಯುವುದಿಲ್ಲ, ಆದರೂ ತನ್ನ ದೇಹದ ಮೇಲಿನ ನಂಬಿಕೆ ಕಳಚಿಬಿದ್ದದ್ದು ಓದುಗನಿಗೆ ತಟ್ಟುತ್ತದೆ.

ಮೊನೆಟ್ ಮತ್ತು ಗನ್ ಬರೆದದ್ದು ಹೆಚ್ಚಾಗಿ ಅಗಲಿದವರ ಬಗ್ಗೆ. ಈ ಕಾವ್ಯದ ನಿಜವಾದ ಹೊಸತನ ಇರುವುದು ರೋಗಿಯೇ ಲೇಖನಿ ಹಿಡಿದಲ್ಲಿ. ಟಿಮ್ ಡ್ಲೂಗೋಸ್‌ರ 'ಜಿ-9' ಕವಿತೆಯ ಶೀರ್ಷಿಕೆ ನ್ಯೂಯಾರ್ಕಿನ ಆಸ್ಪತ್ರೆಯೊಂದರ ಏಡ್ಸ್ ವಾರ್ಡಿನ ಹೆಸರು. ಪುಟದುದ್ದಕ್ಕೂ ಸಣ್ಣ ಸಾಲುಗಳಲ್ಲಿ ಇಳಿಯುವ ಆ ದೀರ್ಘ ಕವಿತೆಯಲ್ಲಿ ನೋಡಲು ಬಂದವರು, ತೀರಿಕೊಂಡವರು ಎಲ್ಲರಿಗೂ ಹೆಸರಿದೆ. ಅದು ಪ್ರಕಟವಾದ 1990ರಲ್ಲೇ ಕವಿ ತೀರಿಕೊಂಡರು. ಮೆಲ್ವಿನ್ ಡಿಕ್ಸನ್‌ರ 'ಹಾರ್ಟ್‌ಬೀಟ್ಸ್' ಇನ್ನೂ ಬಿಗಿ: ಸಾಲಿಗೆ ಎರಡೇ ಬಡಿತ. ವ್ಯಾಯಾಮ, ಊಟ, ವೈದ್ಯರ ಭೇಟಿಯ ದಿನಚರಿ ಎದೆಬಡಿತದ ಲಯದಲ್ಲೇ ಸಾಗಿ ಏದುಸಿರಿಗೆ ತಿರುಗುತ್ತದೆ.

ಡಿಕ್ಸನ್ ಕಪ್ಪು ಜನಾಂಗದವರು. ಕವಿ ಎಸೆಕ್ಸ್ ಹೆಂಫಿಲ್ ಕೂಡ. ಬಿಳಿಯರ ಸಲಿಂಗಿ ವಲಯದಲ್ಲಿ ಜನಾಂಗಭೇದ, ತಮ್ಮವರ ನಡುವೆ ಮೌನ. ಈ ಎರಡಕ್ಕೂ ಉತ್ತರವಾಗಿ, ಗೆಳೆಯ ಜೋಸೆಫ್ ಬೀಮ್ ಆರಂಭಿಸಿ ಅರ್ಧಕ್ಕೆ ಬಿಟ್ಟುಹೋದ 'ಬ್ರದರ್ ಟು ಬ್ರದರ್' ಸಂಕಲನವನ್ನು ಹೆಂಫಿಲ್ 1991ರಲ್ಲಿ ಹೊರತಂದರು. 1992ರಲ್ಲಿ ಡಿಕ್ಸನ್, 1995ರಲ್ಲಿ ಹೆಂಫಿಲ್ ಹೋದರು.

1996ರ ಸುಮಾರಿಗೆ ಸಂಯುಕ್ತ ಔಷಧಗಳು ಬಂದು ಸಾವು ಮುಂದಕ್ಕೆ ಹೋಯಿತು, ಕವಿತೆಯ ಕಾಲವೂ ಬದಲಾಯಿತು. ಡಿ.ಎ. ಪೊವೆಲ್ ನೋಟ್‌ಪುಸ್ತಕವನ್ನು ಅಡ್ಡ ತಿರುಗಿಸಿ 'ಟೀ'ಯ (1998) ಉದ್ದುದ್ದ ಸಾಲುಗಳನ್ನು ಬರೆದರು. ಸೋಂಕಿತ ಹೆಣ್ಣಿನ ಅನುಭವಕ್ಕೆ ಟೋರಿ ಡೆಂಟ್ ದನಿ ಕೊಟ್ಟರು. ಅವರು 2005ರಲ್ಲಿ ತೀರಿಕೊಂಡರು. ಡೇನೆಜ್ ಸ್ಮಿತ್‌ರ 'ಡೋಂಟ್ ಕಾಲ್ ಅಸ್ ಡೆಡ್'ನಲ್ಲಿ (2017) ಎಚ್‌ಐವಿಯೂ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಹುಡುಗರ ನೆನಪೂ ಒಂದೇ ಪುಸ್ತಕದಲ್ಲಿವೆ.

ಈ ಕಾವ್ಯವನ್ನು ಹೊಸದಾಗಿ ಓದಹೊರಟವರು ಸಾಮಾನ್ಯವಾಗಿ ಗನ್‌ರಿಂದ ತೊಡಗುತ್ತಾರೆ. ಡಿಕ್ಸನ್, ಡ್ಲೂಗೋಸ್‌ರಿಂದ ತೊಡಗಲಿ. ಗನ್ ಆಮೇಲೆ ಬರಲಿ.