ತೂಬು ಮುಚ್ಚಲು ಕಲಿತ ಕರ್ನಲ್

ಮೊಬೈಲ್ ಫೋನಿನ ಚಿಪ್ಪಿನೊಳಗೆ ಒಂದು ಕಾಲುವೆ ವ್ಯವಸ್ಥೆಯೇ ಇದೆ. ಮೂಲದಲ್ಲಿ ಸ್ಫಟಿಕದ ಮಿಡಿತ. ಅದನ್ನು ಪಿಎಲ್‌ಎಲ್ ಎಂಬ ಸರ್ಕ್ಯೂಟು ಹಲವು ಪಟ್ಟು ಏರಿಸುತ್ತದೆ, ಡಿವೈಡರ್‌ಗಳು ಬೇಕಾದಷ್ಟಕ್ಕೆ ಇಳಿಸುತ್ತವೆ, ಗೇಟುಗಳು ಕವಲು ಕವಲಿಗೂ ಬಿಡುತ್ತವೆ ಅಥವಾ ತಡೆಯುತ್ತವೆ. ಕೊನೆಯಲ್ಲಿರುವ ಗದ್ದೆಗಳೆಂದರೆ ಕ್ಯಾಮೆರಾ, ಯುಎಸ್‌ಬಿ, ಪರದೆ. ಎಂಜಿನಿಯರುಗಳು ಇದನ್ನು ಕ್ಲಾಕ್ ಟ್ರೀ ಎನ್ನುತ್ತಾರೆ. ನೀರುಗಂಟಿಗೆ ತೂಬು ತೆರೆಯುವುದು ದೊಡ್ಡ ಕೆಲಸವಲ್ಲ. ಕೆಳಗಿನ ಯಾವ ಗದ್ದೆಗೂ ಇನ್ನು ನೀರು ಬೇಡವೆಂದು ತಿಳಿದುಕೊಂಡು ಮುಚ್ಚುವುದೇ ಕಷ್ಟ. ಲಿನಕ್ಸ್ ಕರ್ನಲ್ ಎರಡು ದಶಕಗಳಲ್ಲಿ ಕಲಿತದ್ದು ಈ ಮುಚ್ಚುವ ವಿದ್ಯೆಯನ್ನು.

ಮುಚ್ಚಬೇಕು ಏಕೆ? ಸಿಮಾಸ್ ಸರ್ಕ್ಯೂಟು ಪ್ರತಿ ಮಿಡಿತಕ್ಕೂ ಶಕ್ತಿ ತಿನ್ನುತ್ತದೆ. ಆ ಖರ್ಚು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಖರ್ಚು ಕಾಲು ಭಾಗವಾಗುತ್ತದೆ. ಕ್ಲಾಕ್ ನಿಲ್ಲಿಸಿದರೆ ಈ ಖರ್ಚು ನಿಂತೀತು, ಆದರೆ ಟ್ರಾನ್ಸಿಸ್ಟರುಗಳ ಸೋರಿಕೆ ನಿಲ್ಲದು. ಸೋರಿಕೆ ನಿಲ್ಲಬೇಕಾದರೆ ಆ ಭಾಗಕ್ಕೆ ವಿದ್ಯುತ್ತನ್ನೇ ಕಡಿಯಬೇಕು. ಹಾಗೆ ಒಟ್ಟಿಗೆ ಕಡಿಯಬಹುದಾದ ಪ್ರದೇಶವೇ ಪವರ್ ಡೊಮೇನ್. ಕಡಿದಾಗ ಒಳಗಿನ ರಿಜಿಸ್ಟರುಗಳು ಮರೆತುಹೋಗುತ್ತವೆ. ಮೊದಲೇ ಬರೆದಿಟ್ಟುಕೊಂಡು ಮರಳಿ ತುಂಬುವ ಹೊಣೆ ಬಹುಮಟ್ಟಿಗೆ ಆ ಸಾಧನವನ್ನು ನಡೆಸುವ ತಂತ್ರಾಂಶದ್ದು, ಅಂದರೆ ಡ್ರೈವರಿನದು.

ಪಿಸಿ ಲೋಕಕ್ಕೆ ಈ ಸಂಕಟ ಅಷ್ಟಾಗಿ ತಟ್ಟಲಿಲ್ಲ. 1992ರ ಎಪಿಎಂ, 1996ರ ಎಸಿಪಿಐ ಎಂಬ ವಿದ್ಯುತ್ ನಿರ್ವಹಣೆಯ ಒಪ್ಪಂದಗಳಿಂದಾಗಿ ವಿವರಗಳನ್ನೆಲ್ಲ ಫರ್ಮ್‌ವೇರ್ ನುಂಗಿಕೊಂಡಿತು. ಆರ್ಮ್ ಚಿಪ್ಪುಗಳಲ್ಲಿ ಅಂಥ ಮಧ್ಯವರ್ತಿ ಇರಲಿಲ್ಲ. ಪ್ರತಿ ಗೇಟೂ ಕರ್ನಲ್ಲಿನ ಕೈಗೆ ನೇರವಾಗಿ ಬಂತು.

2004ರ ಹೊತ್ತಿಗೆ ಆರ್ಮ್ ಲಿನಕ್ಸಿನ ನಿರ್ವಾಹಕ ರಸೆಲ್ ಕಿಂಗ್ ಒಂದು ಪುಟ್ಟ ಒಪ್ಪಂದ ಬರೆದರು. ಡ್ರೈವರು ತನ್ನ ಕ್ಲಾಕನ್ನು ಹೆಸರು ಹಿಡಿದು ಕೇಳಿ ಪಡೆಯಬೇಕು, ಎನೇಬಲ್ ಎನ್ನಬೇಕು, ಮುಗಿದ ಮೇಲೆ ಡಿಸೇಬಲ್ ಎನ್ನಬೇಕು. ಇಬ್ಬರು ಎನೇಬಲ್ ಅಂದಿದ್ದರೆ ಇಬ್ಬರೂ ಬಿಡುವ ತನಕ ಕ್ಲಾಕ್ ನಿಲ್ಲದು. ಆಲೋಚನೆ ಚೆಂದದ್ದು. ಆದರೆ ಒಪ್ಪಂದದ ಹಿಂದಿನ ಕೋಡನ್ನು ಪ್ರತಿ ಚಿಪ್ ಕುಟುಂಬವೂ ತನ್ನದೇ ರೀತಿಯಲ್ಲಿ ಬರೆಯಿತು. ಅದೇ ಹೆಸರಿನ ಫಂಕ್ಷನ್‌ಗಳು, ಒಳಗೆ ಬೇರೆ ಬೇರೆ ರಚನೆಗಳು. ಹೀಗಾಗಿ ಎರಡು ಕಂಪನಿಗಳ ಚಿಪ್ಪುಗಳಿಗೆ ಒಂದೇ ಕರ್ನಲ್ ಕಟ್ಟುವುದೇ ಆಗದ ಮಾತಾಯಿತು.

ಆ ಕಾಲದ ಅತ್ಯಂತ ಶ್ರದ್ಧೆಯ ಕೆಲಸ ನಡೆದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ಚಿಪ್ಪುಗಳ ಮೇಲೆ ಎಂಬುದು ನನ್ನ ಎಣಿಕೆ. 2009ರ ನೋಕಿಯಾ ಎನ್900 ಫೋನಿನಲ್ಲಿದ್ದದ್ದು ಓಮ್ಯಾಪ್ 3430. ಅದರಲ್ಲಿ ಕ್ಲಾಕ್ ಡೊಮೇನ್, ಪವರ್ ಡೊಮೇನ್, ವೋಲ್ಟೇಜ್ ಡೊಮೇನ್ ಎಂಬ ಮೂರು ಪದರ. ಪಾಲ್ ವಾಲ್ಮ್ಸ್‌ಲಿ ಮೊದಲಾದವರು ಇವುಗಳ ಸಂಬಂಧವನ್ನು ಉದ್ದುದ್ದ ಕೋಷ್ಟಕಗಳಾಗಿ ಕರ್ನಲ್ಲಿಗೆ ಇಳಿಸಿದರು. ಈ ಕೋಡಿನಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಅಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು.

ಪ್ರತಿಯೊಬ್ಬರೂ ತಮ್ಮ ತಮ್ಮ ಕೋಷ್ಟಕ ತಂದು ಸುರಿದಾಗ ಆರ್ಮ್ ಭಾಗ ಊದಿಕೊಂಡಿತು. 2011ರ ಮಾರ್ಚಿನಲ್ಲಿ ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಟ್ಟಾದರು. ಆ ಸಿಟ್ಟು ಒಳ್ಳೆಯದನ್ನೇ ಮಾಡಿತು. ಜೆರೆಮಿ ಕೆರ್ ಆರಂಭಿಸಿ ಮೈಕ್ ಟರ್ಕೆಟ್ ದಡ ಸೇರಿಸಿದ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ 2012ರ ಮೇ ತಿಂಗಳಲ್ಲಿ ಬಂದ 3.4ನೇ ಆವೃತ್ತಿಯಲ್ಲಿ ಸೇರಿತು. ಅದೇ ವರ್ಷದ ಡಿಸೆಂಬರಿನ 3.7ರಲ್ಲಿ ಹಲವು ಕಂಪನಿಗಳ ಆರ್ಮ್ ಚಿಪ್ಪುಗಳಿಗೆ ಒಂದೇ ಕರ್ನಲ್ ಎಂಬ ಕನಸು ಕೈಗೂಡತೊಡಗಿತು.

ಈ ಚೌಕಟ್ಟಿನ ಒಂದು ನಿರ್ಧಾರದ ಬಳಿ ತುಸು ನಿಲ್ಲಬೇಕು. ಸಾದಾ ಗೇಟು ತೆರೆಯಲು ರಿಜಿಸ್ಟರಿನಲ್ಲಿ ಒಂದು ಬಿಟ್ ಬರೆದರೆ ಸಾಕು. ಇಂಟರಪ್ಟ್ ನಡೆಯುತ್ತಿರುವಾಗಲೂ ಬರೆಯಬಹುದು. ಪಿಎಲ್‌ಎಲ್ ಹಾಗಲ್ಲ, ಅದು ಸ್ಥಿರವಾಗುವ ತನಕ ಕಾಯಬೇಕು. ಐ2ಸಿ ತಂತಿಯ ಆಚೆ ಕುಳಿತ ಕ್ಲಾಕಾದರೆ ಕೇಳಿ ಉತ್ತರ ಬರುವ ತನಕ ನಿದ್ರಿಸಬೇಕು. ಇಂಟರಪ್ಟ್ ಹ್ಯಾಂಡ್ಲರಿಗೆ ನಿದ್ರೆ ನಿಷಿದ್ಧ. ಆದ್ದರಿಂದ ಒಂದೇ ಎನೇಬಲ್ ಇಬ್ಬರಿಗೂ ಮಾತು ಕೊಡಲಾರದು. ಕೆಲಸವನ್ನು ಎರಡಾಗಿ ಸೀಳಿದರು: ನಿದ್ರಿಸಬಹುದಾದ ‘ಪ್ರಿಪೇರ್’, ನಿದ್ರಿಸದ ‘ಎನೇಬಲ್’. ಮೊದಲನೆಯದಕ್ಕೆ ನಿದ್ರಿಸಿ ಕಾಯುವ ಮ್ಯೂಟೆಕ್ಸ್ ಬೀಗ, ಎರಡನೆಯದಕ್ಕೆ ನಿದ್ರಿಸದೆ ಕಾಯುವ ಸ್ಪಿನ್‌ಲಾಕ್. ಡ್ರೈವರ್ ಬರೆಯುವವರಿಗೆ ಇದು ಕಿರಿಕಿರಿ ಎನಿಸಿತು. ಆದರೂ ಯಂತ್ರಾಂಶದ ನಿಜವನ್ನು ಮುಚ್ಚಿಡದ ಈ ಸೀಳು ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಬೆಲೆಯಂತೂ ತೆರಬೇಕಾಯಿತು: ಇಡೀ ಟ್ರೀಗೆ ಒಂದೇ ಪ್ರಿಪೇರ್ ಬೀಗ. ಕ್ಲಾಕ್ ನಿಯಂತ್ರಕವೇ ಒಂದು ಪವರ್ ಡೊಮೇನಿನೊಳಗಿದ್ದರೆ, ಡೊಮೇನು ಏಳಲು ಕ್ಲಾಕಿಗೆ ಕಾದು, ಕ್ಲಾಕು ಡೊಮೇನಿಗೆ ಕಾದು, ಎರಡೂ ನಿಂತುಬಿಡಬಹುದು. ಈ ಸಿಕ್ಕು ಬಿಡಿಸುವ ಪ್ಯಾಚುಗಳು 2024ರಲ್ಲೂ ಬಂದವು.

ಪವರ್ ಡೊಮೇನಿನ ದಾರಿ ಇದಕ್ಕೆ ಸಮಾನಾಂತರವಾಗಿ ಸಾಗಿತು. 2009ರ ಡಿಸೆಂಬರಿನ 2.6.32ರಲ್ಲಿ ರಫಾಯೆಲ್ ವೈಸಾಕಿಯವರ ರನ್‌ಟೈಮ್ ಪಿಎಂ (ವಿದ್ಯುತ್ ನಿರ್ವಹಣೆ) ಬಂತು. ಅಲ್ಲಿಯ ತನಕ ಮಲಗುವುದೆಂದರೆ ಬಹುಮಟ್ಟಿಗೆ ಇಡೀ ಯಂತ್ರ ಮಲಗುವುದು. ಈಗ ಯಂತ್ರ ಎಚ್ಚರವಿರುವಾಗಲೇ ಒಂದೊಂದೇ ಸಾಧನ ಮಲಗಬಹುದಾಯಿತು. ಇಲ್ಲಿಯೂ ಅದೇ ಎಣಿಕೆ: ಬೇಕೆಂದವರ ಸಂಖ್ಯೆ ಸೊನ್ನೆಯಾದರೆ ಮಲಗು. 2011ರ 3.1ರಲ್ಲಿ ಅವರೇ ಜನರಿಕ್ ಪಿಎಂ ಡೊಮೇನ್ ಸೇರಿಸಿದರು. ರೆನೆಸಾಸ್‌ನ ಚಿಪ್ಪುಗಳು ಅದರ ಮೊದಲ ಬಳಕೆದಾರರು. ಡೊಮೇನಿನ ಎಲ್ಲ ಸಾಧನಗಳೂ, ಅದರಡಿಯ ಉಪಡೊಮೇನುಗಳೂ ಮಲಗಿದಾಗ ಮಾತ್ರ ವಿದ್ಯುತ್ ಕಡಿಯುವುದು ಅದರ ನಿಯಮ. ಜೊತೆಗೊಂದು ಗವರ್ನರ್: ಆರಿಸಿ ಮತ್ತೆ ಹೊತ್ತಿಸಲು ತಗಲುವ ಖರ್ಚು ಉಳಿತಾಯಕ್ಕಿಂತ ಹೆಚ್ಚಾಗುವುದಿದ್ದರೆ ಅದು ಬೇಡವೆನ್ನುತ್ತದೆ. 2014ರ 3.18ರಲ್ಲಿ ಯಾವ ಸಾಧನ ಯಾವ ಡೊಮೇನಿಗೆ ಸೇರಿದ್ದೆಂದು ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀಯಲ್ಲೇ ಬರೆಯುವ ವ್ಯವಸ್ಥೆ ಬಂತು. ಬಳಿಕ ಉಲ್ಫ್ ಹಾನ್ಸನ್ ಇದರ ನಿರ್ವಹಣೆ ಹೊತ್ತರು. 2023ರಲ್ಲಿ ಪವರ್ ಡೊಮೇನ್ ಡ್ರೈವರುಗಳನ್ನೆಲ್ಲ ಒಂದೆಡೆ ಕೂಡಿಸಿ ‘ಜೆನ್‌ಪಿಡಿ’ ಎಂಬ ಕಡತಕೋಶದಲ್ಲಿಟ್ಟಾಗ, ಹೆಸರು ಯಾರಿಗೂ ಅರ್ಥವಾಗದೆಂದು ಟೊರ್ವಾಲ್ಡ್ಸ್ ಆಕ್ಷೇಪಿಸಿದರು; 6.6ನೇ ಆವೃತ್ತಿ ಹೊರಬರುವಷ್ಟರಲ್ಲಿ ಅದು ‘ಪಿಎಂಡೊಮೇನ್’ ಆಯಿತು.

ಈಗ ತೂಬಿನ ಕೀಲಿ ಮತ್ತೆ ಫರ್ಮ್‌ವೇರಿನತ್ತ ಜಾರುತ್ತಿದೆ. ಆರ್ಮ್ ಸಂಸ್ಥೆಯ ಎಸ್‌ಸಿಎಂಐ ಒಪ್ಪಂದಕ್ಕೆ 2018ರ 4.17ರಲ್ಲಿ ಬೆಂಬಲ ಬಂತು. ಅದರಂತೆ ಕರ್ನಲ್ ಸಂದೇಶ ಕಳಿಸುತ್ತದೆ, ಚಿಪ್ಪಿನೊಳಗಿನ ಪ್ರತ್ಯೇಕ ಪುಟ್ಟ ಪ್ರೊಸೆಸರು ಗೇಟು ತಿರುಗಿಸುತ್ತದೆ. ಕರ್ನಲ್ ಹಗುರಾಗುತ್ತದೆ ನಿಜ, ಆದರೆ ಆ ಪ್ರೊಸೆಸರಿನ ಕೋಡು ಮುಚ್ಚಿದ್ದಾಗಿದ್ದರೆ ತಪ್ಪು ಹುಡುಕುವ ಕಣ್ಣುಗಳು ಕಡಿಮೆಯಾಗುತ್ತವೆ. ನನ್ನ ಆತಂಕ ಅದು.

ಇನ್ನೂ ಪೂರ್ತಿ ಬಗೆಹರಿಯದ ತೊಡಕು ಬೂಟ್ ಹೊತ್ತಿನದು. ಬೂಟ್‌ಲೋಡರ್ ಹೊತ್ತಿಸಿಟ್ಟ ಕ್ಲಾಕುಗಳಲ್ಲಿ ಯಾರೂ ಕೇಳದವನ್ನು ಕರ್ನಲ್ ಕೊನೆಗೆ ಆರಿಸುತ್ತದೆ. ಪರದೆಯ ಡ್ರೈವರ್ ಮಾಡ್ಯೂಲಾಗಿದ್ದು ಇನ್ನೂ ಬಂದಿರದಿದ್ದರೆ ಪರದೆ ಕಪ್ಪಾಗುತ್ತದೆ. ಚಿಪ್ಪಿನ ಭಾಗಗಳನ್ನು ಬೆಸೆಯುವ ಬಸ್ಸಿನ ಕ್ಲಾಕಾದರೆ ಯಂತ್ರವೇ ಹೆಪ್ಪುಗಟ್ಟುತ್ತದೆ. ಎಲ್ಲ ಬಳಕೆದಾರರೂ ಬಂದು ಸೇರುವ ತನಕ ಕಾಯುವ ‘ಸಿಂಕ್ ಸ್ಟೇಟ್’ ಸೌಲಭ್ಯ 2020ರ ಆರಂಭದ 5.5ರಲ್ಲಿ ಬಂದರೂ, ಬೂಟ್ ಸಾಲಿನಲ್ಲಿ ‘ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್’ ಎಂದು ಬರೆದು ಯಾವುದನ್ನೂ ಆರಿಸದೆ ಬಿಡುವ ರೂಢಿ ಹೋಗಿಲ್ಲ.

ಬೋರ್ಡುಗಳನ್ನು ಎಬ್ಬಿಸುವ ಕೆಲಸದಲ್ಲಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಬೂಟ್ ಸಾಲಿನಲ್ಲಿ ಆ ಪದಗಳನ್ನು ಉಳಿಸಿಕೊಂಡು ಸಾಧನವನ್ನು ಜನರ ಕೈಗೆ ಕೊಡಬೇಡಿ. ಡಿಬಗ್‌ಎಫ್‌ಎಸ್‌ನಲ್ಲಿ ಕ್ಲಾಕ್ ಸಮ್ಮರಿ ಕಡತ ತೆರೆದು ನೋಡಿ; ಪ್ರತಿ ಕ್ಲಾಕಿನ ಎದುರು ಬಳಕೆಯ ಎಣಿಕೆ ಇದೆ. ಸೊನ್ನೆ ಇರಬೇಕಾದಲ್ಲಿ ಒಂದು ಕಂಡರೆ, ಹಿಡಿದು ಕುಳಿತ ಡ್ರೈವರನ್ನು ಪತ್ತೆಹಚ್ಚಿ ತಿದ್ದಿ, ಆ ಪ್ಯಾಚನ್ನು ಮೂಲ ಕರ್ನಲ್ಲಿಗೆ ಕಳಿಸಿಕೊಡಿ.