ಮಕ್ಕಳ ಪುನಶ್ಚೇತನ ಚಿಕಿತ್ಸೆಯಲ್ಲಿ ಕುಟುಂಬದ ತೃಪ್ತಿ (ಚಾಕಣ)

ಸೆರೆಬ್ರಲ್ ಪಾಲ್ಸಿ, ಆಟಿಸಂ, ಶ್ರವಣದೋಷ ಅಥವಾ ಬೆಳವಣಿಗೆಯ ವಿಳಂಬವಿರುವ ಮಕ್ಕಳಿಗೆ ಸಿಗುವ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಚಿಕಿತ್ಸೆಗಳ ಗುಣಮಟ್ಟವನ್ನು ಮನೆಯವರ ಅನುಭವದಿಂದ ಅಳೆಯುವ ಕ್ರಮ. ಥೆರಪಿಸ್ಟ್ ವಾರಕ್ಕೆ ಒಂದೆರಡು ಗಂಟೆ ಸಿಕ್ಕಾರು. ಉಳಿದ ಹೊತ್ತೆಲ್ಲ ವ್ಯಾಯಾಮ ಮಾಡಿಸುವವರು ತಾಯಿ, ಅಜ್ಜಿಯರೇ. ಹಾಗಾಗಿ ಅವರ ಮಾತು ಚಿಕಿತ್ಸೆಯ ಫಲವನ್ನೂ ಸೂಚಿಸುತ್ತದೆ.

ಆರೈಕೆಯ ಗುಣಮಟ್ಟವನ್ನು ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ಬಿಡಿಸಿದವರು ಅವೆಡಿಸ್ ಡೊನಬೇಡಿಯನ್ (1966). ಮಕ್ಕಳ ಪುನಶ್ಚೇತನಕ್ಕೆಂದೇ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾನ್‌ಚೈಲ್ಡ್ ಕೇಂದ್ರದ ಸಂಶೋಧಕರು 1990ರ ದಶಕದಲ್ಲಿ 56 ಪ್ರಶ್ನೆಗಳ ಎಂಪಿಒಸಿ (ಆರೈಕೆಯ ಪ್ರಕ್ರಿಯೆಗಳ ಅಳತೆ) ಪ್ರಶ್ನಾವಳಿಯನ್ನು ರೂಪಿಸಿದರು. 2004ರಲ್ಲಿ ಅದರ 20 ಪ್ರಶ್ನೆಗಳ ರೂಪ ಬಂತು. ಇದು ‘ತೃಪ್ತಿಯಾಯಿತೇ’ ಎಂದು ನೇರವಾಗಿ ಕೇಳುವುದಿಲ್ಲ. ಗೌರವದಿಂದ ನಡೆಸಿಕೊಂಡರೇ, ನಿರ್ಧಾರದಲ್ಲಿ ಸೇರಿಸಿಕೊಂಡರೇ, ಮಗುವಿನ ಸ್ಥಿತಿಯನ್ನು ಬಿಡಿಸಿ ಹೇಳಿದರೇ ಎಂಬಂಥ ಸಂಗತಿಗಳು ಎಷ್ಟರಮಟ್ಟಿಗೆ ನಡೆದವೆಂದು 1ರಿಂದ 7ರ ಅಂಕದಲ್ಲಿ ಹೇಳಿಸುತ್ತದೆ. ಈ ಜಾಣ್ಮೆ ನಮಗೆ ಹೆಚ್ಚು ಬೇಕು. ಪುಕ್ಕಟೆ ಸೇವೆ ಪಡೆದವರನ್ನು ‘ಹೇಗಿತ್ತಮ್ಮ?’ ಎಂದರೆ ‘ಚಲೋ ನೋಡ್ಯಾರ್ರೀ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕಲ್ಲ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಗೌರವದ ವಿಭಾಗಕ್ಕೆ ಹೆಚ್ಚು ಅಂಕ ಬೀಳುತ್ತದೆ, ಸಾಮಾನ್ಯ ಮಾಹಿತಿ ಒದಗಿಸುವ ವಿಭಾಗಕ್ಕೆ ಕಡಿಮೆ.

ಚಾಕಣ ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನಲ್ಲಿ, ಪುಣೆ–ನಾಶಿಕ್ ಹೆದ್ದಾರಿಯಲ್ಲಿದೆ. ಈರುಳ್ಳಿ ಮಾರುಕಟ್ಟೆಗೂ ಸಂಗ್ರಾಮದುರ್ಗ ಕೋಟೆಗೂ ಹೆಸರಾಗಿದ್ದ ಊರು ಈಗ ವಾಹನ ಕಾರ್ಖಾನೆಗಳ ನೆಲೆ. ಪುಣೆ ಸುತ್ತಲಿನ ಈ ಕೈಗಾರಿಕಾ ಪಟ್ಟಿಗೆ ಕಲಬುರಗಿ, ವಿಜಯಪುರ, ಬೀದರ್ ಕಡೆಯವರೂ ದುಡಿಯಲು ಬರುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಆಸ್ಪತ್ರೆ ಮಟ್ಟದ ಡಿಇಐಸಿ (ಆರಂಭಿಕ ಹಸ್ತಕ್ಷೇಪ) ಕೇಂದ್ರಕ್ಕೆ ಕಳಿಸಬೇಕು. ಪುಣೆಯ ಜಿಲ್ಲಾ ಆಸ್ಪತ್ರೆ ಇರುವುದು ಔಂಧ್‌ನಲ್ಲಿ. ಚಾಕಣದ ಟ್ರಾಫಿಕ್ ದಾಟಿ ಅಲ್ಲಿಗೆ ಹೋಗಿಬರುವುದೆಂದರೆ ಗುತ್ತಿಗೆ ಕಾರ್ಮಿಕನಿಗೆ ಒಂದು ದಿನದ ಪಗಾರ ಹೋದಂತೆಯೇ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದ್ದರೆ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯವುಂಟು. ಆದರೆ 2017ರಿಂದ ಅದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಥೆರಪಿ ಖರ್ಚಿನ ಒಂದು ಪಾಲೂ ಅದರಲ್ಲಿ ಸೇರಿದೆ. ಇದನ್ನು ಯಾರಾದರೂ ಹೇಳಿದರೆ ತಾನೆ ಗೊತ್ತಾಗುವುದು.

ಅತೃಪ್ತಿ ಹುಟ್ಟುವ ಜಾಗ ಕೆಲವೊಮ್ಮೆ ತೀರ ಚಿಕ್ಕದು. ಪಾದ ಹಿಮ್ಮಡಿ ಊರಲೆಂದು ಕೊಡುವ ಪ್ಲಾಸ್ಟಿಕ್ ಸ್ಪ್ಲಿಂಟ್ ಬಿಚ್ಚಿದಾಗ ಚರ್ಮ ಕೆಂಪಾಗಿರುವುದು ಸಹಜ. ಅರ್ಧ ಗಂಟೆ ಕಳೆದರೂ ಕೆಂಪು ಇಳಿಯದಿದ್ದರೆ ಸ್ಪ್ಲಿಂಟ್ ಸರಿಪಡಿಸಬೇಕು. ಕಾಲು ಬೆಳೆದಂತೆ ಹೊಸದೇ ಬೇಕು. ಇಷ್ಟನ್ನು ತಿಳಿಸದಿದ್ದರೆ ಮಗು ಅತ್ತ ದಿನವೇ ಅದು ಮಂಚದ ಕೆಳಗೆ ಸೇರುತ್ತದೆ. ದಾಖಲೆಯಲ್ಲಿ ಮಾತ್ರ ‘ಉಪಕರಣ ವಿತರಿಸಲಾಗಿದೆ’.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಅಂಗನವಾಡಿಯಲ್ಲಿ ಮರಾಠಿ ಕೇಳುವ ಮಗುವಿಗೆ ವಾಕ್ ಚಿಕಿತ್ಸೆ ಮನೆಮಾತಿನಲ್ಲಿ ಸಿಗಬೇಕು. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆದರೂ ‘ಮನೆಯಲ್ಲಿ ಕನ್ನಡ ಬಿಡಿ’ ಎಂಬ ಸಲಹೆ ಕೇಳಿಬರುತ್ತದೆ. ಅದನ್ನು ಪಾಲಿಸಹೊರಟ ತಾಯಿಗೆ ಮಗುವಿನೊಡನೆ ಆಡಲು ಮಾತೇ ಉಳಿಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965) ಕನ್ನಡದಲ್ಲಿ ಪರೀಕ್ಷಾ ಸಾಧನಗಳನ್ನು ರೂಪಿಸಿದೆ, ದೂರದ ಕುಟುಂಬಗಳಿಗೆ ಆನ್‌ಲೈನ್ ಚಿಕಿತ್ಸೆಯನ್ನೂ ಕೊಡುತ್ತದೆ. ಚಾಕಣದ ಕನ್ನಡ ಮನೆಗಳಿಗೆ ಮೈಸೂರು ದೂರವಾದರೂ ಈ ದಾರಿ ತೆರೆದಿದೆ. ಅದಕ್ಕೆ ಬೇಕಾದದ್ದು ಒಂದು ಮೊಬೈಲ್, ಮತ್ತು ಪಾಳಿ ಮುಗಿಸಿ ಬಂದವರು ಮಗುವಿನ ಪಕ್ಕ ಕೂರಬಹುದಾದ ಹೊತ್ತಿಗೆ ಸಿಗುವ ಅಪಾಯಿಂಟ್‌ಮೆಂಟ್.